ಅಕ್ಷರ ಸರಿ, ಅಳತೆ ತಪ್ಪು: ಕ್ಯಾನ್ಸರ್ ಸಂಶೋಧನೆಯಲ್ಲಿ ಪ್ರೋಟೀನು ಕಟ್ಟದ ಆರ್‌ಎನ್‌ಎ



ದತ್ತಿ ಉಪನ್ಯಾಸಗಳಲ್ಲಿ ಮೊದಲ ಹತ್ತು ನಿಮಿಷ ಕೃತಜ್ಞತೆಗೆ ಸಲ್ಲುವುದು ವಾಡಿಕೆ. ನನ್ನ ಕೃತಜ್ಞತೆ ಕಡಿಮೆಯದಲ್ಲ, ಆದರೆ ಇಂದಿನ ವಿಷಯಕ್ಕೆ ಗಂಟೆಯೇ ಸಾಲದು. ಹಾಗಾಗಿ ಒಂದೇ ಮಾತಿನಲ್ಲಿ ನಮಸ್ಕರಿಸಿ, ನೇರವಾಗಿ ನಮ್ಮೆಲ್ಲರ ಜೀವಕೋಶಗಳಲ್ಲಿರುವ ಹದಿಮೂರನೆಯ ಕ್ರೋಮೋಸೋಮಿಗೆ ಹೋಗುತ್ತೇನೆ.

ರಕ್ತದ ಕ್ಯಾನ್ಸರುಗಳಲ್ಲಿ ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬುದೊಂದಿದೆ. ವೈದ್ಯರು ಚಿಕ್ಕದಾಗಿ ಸಿಎಲ್‌ಎಲ್ ಎನ್ನುತ್ತಾರೆ. ಪಶ್ಚಿಮದ ದೇಶಗಳ ವಯಸ್ಕರಲ್ಲಿ ಕಾಣುವ ಲ್ಯುಕೇಮಿಯಾಗಳಲ್ಲಿ ಇದರದೇ ಮೇಲುಗೈ, ನಮ್ಮಲ್ಲಿ ಕಡಿಮೆ. ಈ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರೋಗಕೋಶಗಳಲ್ಲಿ ಹದಿಮೂರನೆಯ ಕ್ರೋಮೋಸೋಮಿನ ಒಂದು ತುಣುಕು ಕಳೆದುಹೋಗಿರುತ್ತದೆ. ಅದರ ವಿಳಾಸ 13ಕ್ಯೂ14. ಇಷ್ಟೊಂದು ಜನರಲ್ಲಿ ಒಂದೇ ಜಾಗ ಕಳೆದಿದೆಯೆಂದರೆ ಅಲ್ಲಿ ಕ್ಯಾನ್ಸರನ್ನು ತಡೆಯುವ ಜೀನು ಯಾವುದೋ ಇದ್ದಿರಲೇಬೇಕು ಎಂದು ಎಲ್ಲರೂ ಊಹಿಸಿದರು. 1990ರ ದಶಕದಲ್ಲಿ ಹಲವು ಪ್ರಯೋಗಾಲಯಗಳು ಆ ಜಾಗವನ್ನು ಜಾಲಾಡಿದವು. ಸಿಕ್ಕ ಪ್ರತಿ ಜೀನಿನಲ್ಲೂ ಪ್ರೋಟೀನು ಕಟ್ಟುವ ಸಂಕೇತಕ್ಕಾಗಿ ತಡಕಿದರು. ಇದೇ ಎಂದು ಬೆರಳು ತೋರುವಂಥದ್ದು ಒಂದೂ ಸಿಗಲಿಲ್ಲ. 2002ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಕಾರ್ಲೊ ಕ್ರೋಚೆ ಅವರ ಪ್ರಯೋಗಾಲಯದಲ್ಲಿದ್ದ ರುಮೇನಿಯಾ ಮೂಲದ ವೈದ್ಯ ಜಾರ್ಜ್ ಕಾಲಿನ್ ಮತ್ತು ಸಂಗಡಿಗರು ಗಂಟು ಬಿಚ್ಚಿದರು. ಕಳೆದುಹೋಗುತ್ತಿದ್ದ ಜಾಗದಲ್ಲಿ ಎರಡು ಪುಟ್ಟ ಜೀನುಗಳಿದ್ದವು: ಮಿರ್-15ಎ ಮತ್ತು ಮಿರ್-16-1. ಅವುಗಳಿಂದ ಹೊರಬರುವುದು ಸುಮಾರು 22 ಅಕ್ಷರಗಳ ಆರ್‌ಎನ್‌ಎ ತುಣುಕು, ಅಂದರೆ ಮೈಕ್ರೋಆರ್‌ಎನ್‌ಎ, ಅಷ್ಟೇ. ಪ್ರೋಟೀನಿನ ಗೊಡವೆಯೇ ಇಲ್ಲ. ನೋಡಿದ ರೋಗಿಗಳಲ್ಲಿ ಸುಮಾರು ಶೇ. 68ರಷ್ಟು ಮಂದಿಯಲ್ಲಿ ಇವೆರಡೂ ಅಳಿದಿದ್ದವು ಅಥವಾ ತಗ್ಗಿದ್ದವು. ಕ್ಯಾನ್ಸರಿಗೂ ಮೈಕ್ರೋಆರ್‌ಎನ್‌ಎಗೂ ಇರುವ ನಂಟು ಮೊದಲ ಬಾರಿಗೆ ಕಂಡದ್ದು ಇಲ್ಲಿ.

ಅಷ್ಟು ವರ್ಷ ಅಷ್ಟು ಬುದ್ಧಿವಂತರ ಕಣ್ಣಿಗೆ ಬೀಳದೆ ಅದು ಹೇಗೆ ಉಳಿಯಿತು? ಪಠ್ಯಪುಸ್ತಕ ಕಲಿಸಿದ ಕ್ರಮ ಹಾಗಿತ್ತು. ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನು. ಕೋಶದ ಕೆಲಸವೆಲ್ಲ ಪ್ರೋಟೀನಿನದು, ಆರ್‌ಎನ್‌ಎ ನಡುವಿನ ಅಂಚೆಯವನು. ಮಾನವ ಜೀನೋಮಿನ ಕರಡು 2001ರಲ್ಲಿ ಹೊರಬಂದಾಗ ಪ್ರೋಟೀನಿಗೆ ಸಂಕೇತ ಕೊಡುವ ಭಾಗ ನೂರಕ್ಕೆ ಎರಡೂ ಇಲ್ಲ ಎಂಬುದು ಸ್ಪಷ್ಟವಾಯಿತು. ಉಳಿದದ್ದರಲ್ಲಿ ಬಹುಪಾಲನ್ನು ‘ಜಂಕ್’ ಎಂದು ಕರೆಯುವ ರೂಢಿ 1972ರಲ್ಲಿ ಸುಸುಮು ಓನೊ ಬರೆದಾಗಿನಿಂದ ಇತ್ತು. ಇಲ್ಲೊಂದು ಎಚ್ಚರಿಕೆ. ಆ ಶೇ. 98ರಷ್ಟು ಭಾಗವೂ ಬಹಳ ಅರ್ಥಪೂರ್ಣ, ಓನೊ ಪೂರ್ತಿ ತಪ್ಪು ಎಂದು ಈಗ ಕೆಲವರು ಉತ್ಸಾಹದಿಂದ ಹೇಳುತ್ತಾರೆ. ಜೀನೋಮಿನ ಶೇ. 80ರಷ್ಟಕ್ಕೆ ಏನಾದರೊಂದು ಜೀವರಾಸಾಯನಿಕ ಕೆಲಸ ಇದೆ ಎಂದು 2012ರಲ್ಲಿ ‘ಎನ್‌ಕೋಡ್’ ಯೋಜನೆ ಸಾರಿದಾಗ ವಿಕಾಸವಾದಿ ಜೀವಶಾಸ್ತ್ರಜ್ಞರು ಅದನ್ನು ಬಲವಾಗಿಯೇ ಝಾಡಿಸಿದರು. ನನ್ನ ಒಲವು ಝಾಡಿಸಿದವರ ಕಡೆಗೆ. ಆರ್‌ಎನ್‌ಎ ಹುಟ್ಟಿತೆಂದ ಮಾತ್ರಕ್ಕೆ ಅದಕ್ಕೊಂದು ಕೆಲಸ ಇದೆ ಎಂದಾಗದು. ಕೆಲಸ ಇರುವವು ಯಾವುವು, ಆ ಕೆಲಸವನ್ನು ತೋರಿಸಿಕೊಟ್ಟವರು ಯಾರು ಎಂಬುದೇ ಇಂದು ನಾನು ಉದ್ದಕ್ಕೂ ಕೇಳುವ ಪ್ರಶ್ನೆ.

ಮೈಕ್ರೋಆರ್‌ಎನ್‌ಎಯ ಕಥೆ ಕ್ಯಾನ್ಸರಿನಿಂದ ಶುರುವಾದದ್ದಲ್ಲ, ಒಂದು ಮಿಲಿಮೀಟರ್ ಉದ್ದದ ಹುಳುವಿನಿಂದ ಶುರುವಾದದ್ದು. 1993ರಲ್ಲಿ ವಿಕ್ಟರ್ ಆಂಬ್ರೋಸ್, ರೋಸಲಿಂಡ್ ಲೀ ಮತ್ತು ರೋಂಡಾ ಫೈನ್‌ಬಾಮ್ ಆ ಹುಳುವಿನ ಲಿನ್-4 ಜೀನು ಪ್ರೋಟೀನು ಕಟ್ಟದೆ ಬರೀ ಚಿಕ್ಕ ಆರ್‌ಎನ್‌ಎ ಮಾಡುತ್ತದೆ ಎಂದು ತೋರಿಸಿದರು. ಆ ಚಿಕ್ಕ ಆರ್‌ಎನ್‌ಎ ಲಿನ್-14 ಜೀನಿನ ಸಂದೇಶದ ಬಾಲಕ್ಕೆ ಅಂಟಿಕೊಂಡು ಅದನ್ನು ಓದದಂತೆ ತಡೆಯುತ್ತದೆ ಎಂದು ಗ್ಯಾರಿ ರವ್‌ಕನ್ ಅವರ ತಂಡ, ಆ ಪ್ರಬಂಧ ಬಂದ ಪತ್ರಿಕೆಯ ಅದೇ ಸಂಚಿಕೆಯಲ್ಲಿ ತೋರಿಸಿತು. ಲೋಕ ‘ಹುಳುವಿನ ವಿಚಿತ್ರ’ ಎಂದು ಸುಮ್ಮನಾಯಿತು. ಲೆಟ್-7 ಎಂಬ ಇನ್ನೊಂದು ಸಿಕ್ಕಿ, ಅದು ಮನುಷ್ಯರನ್ನೂ ಒಳಗೊಂಡು ಪ್ರಾಣಿಗಳ ಉದ್ದಗಲಕ್ಕೆ ಹಾಗೇ ಉಳಿದುಬಂದಿದೆ ಎಂದು 2000ದಲ್ಲಿ ಗೊತ್ತಾದ ಮೇಲೆಯೇ ಜನ ಎಚ್ಚೆತ್ತದ್ದು. ಆಂಬ್ರೋಸ್ ಮತ್ತು ರವ್‌ಕನ್ ಅವರಿಗೆ ನೊಬೆಲ್ ಬಂದದ್ದು 2024ರಲ್ಲಿ.

ಕೆಲಸದ ಬಗೆ ಹೀಗೆ. ಕೋಶದಲ್ಲಿ ಮೊದಲು ಉದ್ದನೆಯ ಆರ್‌ಎನ್‌ಎ ಹುಟ್ಟುತ್ತದೆ. ಅದು ಮಡಚಿಕೊಂಡು ಕೂದಲಪಿನ್ನಿನ ಆಕಾರ ತಾಳುತ್ತದೆ. ಡ್ರೋಶಾ, ಆಮೇಲೆ ಡೈಸರ್ ಎಂಬ ಕಿಣ್ವಗಳು ಅದನ್ನು ಕತ್ತರಿಸಿ 22 ಅಕ್ಷರಕ್ಕೆ ಇಳಿಸುತ್ತವೆ. ಆರ್ಗೊನಾಟ್ ಎಂಬ ಪ್ರೋಟೀನು ಆ ತುಣುಕನ್ನು ಹಿಡಿದುಕೊಂಡು ಸಂದೇಶವಾಹಕ ಆರ್‌ಎನ್‌ಎಗಳ ನಡುವೆ ಜೋಡಿ ಹುಡುಕುತ್ತದೆ. ಹೊಂದಿಕೆಯಾಗಬೇಕಾದದ್ದು ಮುಖ್ಯವಾಗಿ ಎರಡರಿಂದ ಎಂಟನೆಯವರೆಗಿನ ಅಕ್ಷರಗಳು. ಇಷ್ಟು ಸಡಿಲವಾದ ಹೊಂದಿಕೆ ಸಾಕಾದ್ದರಿಂದ ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಸಂದೇಶಗಳ ಮೇಲೆ ಕೈಯಿಡಬಲ್ಲದು. ಆದರೆ ಆ ಕೈ ಹಗುರ: ಯಾವ ಸಂದೇಶವನ್ನೂ ಪೂರ್ತಿ ಅಳಿಸುವುದಿಲ್ಲ, ಸ್ವಲ್ಪ ತಗ್ಗಿಸುತ್ತದೆ.

ಈ ‘ಸ್ವಲ್ಪ’ವೇ ನನ್ನ ಉಪನ್ಯಾಸದ ತಿರುಳು. ಕ್ಯಾನ್ಸರ್ ಎಂದರೆ ಜೀನಿನ ಅಕ್ಷರ ತಪ್ಪುವುದು ಎಂದು ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ, ಅದು ಸರಿಯೇ. ಆದರೆ ಅಕ್ಷರವೆಲ್ಲ ಸರಿಯಿದ್ದೂ ಅಳತೆ ತಪ್ಪಿ ಕೆಡುವ ಕೋಶಗಳುಂಟು. ಬೇಳೆ, ಹುಳಿ, ಸಾರಿನಪುಡಿ ಎಲ್ಲ ಸರಿಯಾಗಿ ಬಿದ್ದು ಉಪ್ಪೊಂದೇ ಹೆಚ್ಚಾದ ಸಾರಿನ ಹಾಗೆ. ಸಿಎಲ್‌ಎಲ್‌ನಲ್ಲಿ ಆದದ್ದು ಅದು. ಮಿರ್-15, ಮಿರ್-16 ಎರಡೂ ಬಿಸಿಎಲ್2 ಎಂಬ ಪ್ರೋಟೀನನ್ನು ತಗ್ಗಿಸಿಡುತ್ತವೆ ಎಂದು 2005ರಲ್ಲಿ ಗೊತ್ತಾಯಿತು. ಬಿಸಿಎಲ್2 ಕೋಶವನ್ನು ಸಾಯಲು ಬಿಡದ ಪ್ರೋಟೀನು. ತಡೆ ಹೋಯಿತು, ಬಿಸಿಎಲ್2 ಏರಿತು, ಸಾಯಬೇಕಾದ ಬಿಳಿರಕ್ತಕಣ ಸಾಯದೆ ಉಳಿಯಿತು. ಇದು ಕಾಕತಾಳೀಯವಲ್ಲ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯ 2010ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ರಿಕಾರ್ಡೊ ದಲ್ಲಾ-ಫವೇರಾ ಅವರ ತಂಡದಿಂದ ಬಂತು. ಇಲಿಯಲ್ಲಿ ಈ ಎರಡನ್ನು ಮಾತ್ರ ತೆಗೆದರೂ ಅದಕ್ಕೆ ಸಿಎಲ್‌ಎಲ್ ಹೋಲುವ ರೋಗ ಬಂತು. ಬಿಸಿಎಲ್2ವನ್ನು ತಡೆಯುವ ವೆನೆಟೋಕ್ಲಾಕ್ಸ್ ಎಂಬ ಮಾತ್ರೆಗೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಇಂದು ಸಿಎಲ್‌ಎಲ್ ಚಿಕಿತ್ಸೆಯ ಮುಖ್ಯ ಔಷಧಗಳಲ್ಲೊಂದು ಅದು. ಮೈಕ್ರೋಆರ್‌ಎನ್‌ಎ ಸಂಶೋಧನೆಯಿಂದಲೇ ಆ ಔಷಧ ಹುಟ್ಟಿತೆಂದು ಹೇಳಿದರೆ ಸುಳ್ಳಾಗುತ್ತದೆ, ಬಿಸಿಎಲ್2ದ ಬೆನ್ನು ಹತ್ತಿದವರು 1980ರ ದಶಕದಿಂದಲೂ ಇದ್ದರು. ಆ ಔಷಧ ಈ ರೋಗದಲ್ಲೇ ಯಾಕೆ ಅಷ್ಟು ಚೆನ್ನಾಗಿ ನಾಟಿತು ಎಂಬುದಕ್ಕೆ ಮಾತ್ರ 13ಕ್ಯೂ14 ಒಂದು ಉತ್ತರ ಕೊಡುತ್ತದೆ.

ಅದೇ ಕ್ರೋಮೋಸೋಮಿನ ಅದೇ ತೋಳಿನಲ್ಲಿ ಇನ್ನಷ್ಟು ಕೆಳಗೆ ಮಿರ್-17-92 ಎಂಬ ಆರು ಮೈಕ್ರೋಆರ್‌ಎನ್‌ಎಗಳ ಗುಂಪಿದೆ. ಕೆಲವು ಲಿಂಫೋಮಾಗಳಲ್ಲಿ ಈ ಜಾಗ ಕಳೆಯುವ ಬದಲು ಹಲವು ಪಟ್ಟು ನಕಲಾಗಿರುತ್ತದೆ. ಕ್ಯಾನ್ಸರಿಗೆ ಕುಮ್ಮಕ್ಕು ಕೊಡುವ ಮಿಕ್ ಜೀನಿನ ಜೊತೆ ಸೇರಿದಾಗ ಈ ಗುಂಪು ಇಲಿಯಲ್ಲಿ ಲಿಂಫೋಮಾವನ್ನು ಬೇಗ ತರುತ್ತದೆ ಎಂದು 2005ರಲ್ಲಿ ಸಾಬೀತಾಯಿತು. ಅದೇ ವರ್ಷ ಫ್ರಾಂಕ್ ಸ್ಲ್ಯಾಕ್ ಅವರ ತಂಡ, ಲೆಟ್-7 ಕಡಿಮೆಯಾದ ಶ್ವಾಸಕೋಶದ ಗಡ್ಡೆಗಳಲ್ಲಿ ರಾಸ್ ಎಂಬ ಪ್ರೋಟೀನು ಏರಿರುತ್ತದೆ ಎಂದು ತೋರಿಸಿತು. ಹೀಗೆ ಕೆಲವು ತಡೆಯುವ ಬಣ, ಕೆಲವು ಕುಮ್ಮಕ್ಕಿನ ಬಣ. ಕೆಲವಂತೂ ಒಂದು ಅಂಗಾಂಶದಲ್ಲಿ ಈ ಬಣ, ಇನ್ನೊಂದರಲ್ಲಿ ಆ ಬಣ.

ನಮ್ಮ ಊರಿನ ಮಾತಿಗೂ ಬರೋಣ. ಎಲೆಯಡಿಕೆಯ ಜೊತೆಗೆ ಹೊಗೆಸೊಪ್ಪು, ಗುಟ್ಕಾ ಇರುವ ನಾಡಿನಲ್ಲಿ ಬಾಯಿ ಕ್ಯಾನ್ಸರ್ ಎಷ್ಟೆಂದು ಯಾರಿಗೂ ಹೇಳಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರುಣ್ ಕುಮಾರ್ ಅವರ ಪ್ರಯೋಗಾಲಯ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಸಿಡಿಸಿ73 ಎಂಬ ಕ್ಯಾನ್ಸರ್ ತಡೆಯುವ ಜೀನಿನ ಉತ್ಪನ್ನ ಹೆಚ್ಚಿನ ಬಾಯಿ ಗಡ್ಡೆಗಳಲ್ಲಿ ಕಡಿಮೆಯಿತ್ತು. ಯಾಕೆ? ಅವರು ನೋಡಿದ ಕೆಲವು ರೋಗಿಗಳಲ್ಲಿ ಜೀನು ಕಳೆದಿರಲಿಲ್ಲ, ಅಕ್ಷರ ತಪ್ಪಿರಲಿಲ್ಲ, ಮೀಥೈಲ್ ಗುಂಪುಗಳು ಕೂತು ಜೀನಿನ ಬಾಯಿ ಮುಚ್ಚಿರಲೂ ಇಲ್ಲ. ಏರಿದ್ದದ್ದು ಮಿರ್-155. ಅದನ್ನು ತಡೆಯುವ ಅಣುವನ್ನು ಕೊಟ್ಟಾಗ ಸಿಡಿಸಿ73 ಮರಳಿತು, ಇಲಿಯ ಮೈಮೇಲೆ ಬೆಳೆಸಿದ ಗಡ್ಡೆ ಕುಗ್ಗಿತು. ಅಚ್ಚುಕಟ್ಟಾದ ತರ್ಕ, ಪಾಠ ಮಾಡುವಾಗ ನನಗೆ ಬಹಳ ಇಷ್ಟವಾದ ಉದಾಹರಣೆ. ಒಂದು ಕೊಸರೂ ಇದೆ. ಇಲಿಯ ಪ್ರಯೋಗಕ್ಕೆ ಬಳಸಿದ ಕೆಬಿ ಎಂಬ ಕೋಶಸಾಲು ಬಾಯಿಯದೆಂದು ಹೆಸರು ಹೊತ್ತಿದ್ದರೂ ಅದರೊಳಗೆ ಗರ್ಭಕೊರಳಿನ ಹೀಲಾ ಕೋಶಗಳು ಸೇರಿಕೊಂಡಿವೆ ಎಂಬುದು ದಾಖಲಾದ ಸಂಗತಿ. ಈ ತೊಡಕು ಒಂದು ಪ್ರಯೋಗಾಲಯದ್ದಲ್ಲ, ಜಗತ್ತಿನಾದ್ಯಂತ ಬಾಯಿ ಕ್ಯಾನ್ಸರ್ ಸಂಶೋಧನೆಗೆ ಅಂಟಿಕೊಂಡು ಬಂದದ್ದು. ರೋಗಿಗಳ ಗಡ್ಡೆಗಳಲ್ಲಿ ಕಂಡ ಸಂಬಂಧ ಇದರಿಂದ ಬಿದ್ದುಹೋಗುವುದಿಲ್ಲ. ಅಳತೆಯ ವಿಷಯದಲ್ಲಿ ಮಾತ್ರ ಯಾವ ಕೋಶದ ಅಳತೆ ಎಂದು ಕೇಳದೆ ಮುಂದೆ ಹೋಗಬಾರದು.

ಇಷ್ಟಾದರೂ ಸಂದೇಹವಾದಿ ಕೇಳಬಹುದು: ಏರಿದೆ, ಇಳಿದಿದೆ ಎನ್ನುತ್ತೀರಿ, ಗಡ್ಡೆ ಬಂದದ್ದರಿಂದ ಮೈಕ್ರೋಆರ್‌ಎನ್‌ಎ ಏರುಪೇರಾಯಿತೋ, ಏರುಪೇರಾದ್ದರಿಂದ ಗಡ್ಡೆ ಬಂತೋ? ನ್ಯಾಯವಾದ ಪ್ರಶ್ನೆ. ಇದಕ್ಕೆ ಅತ್ಯಂತ ನೇರ ಉತ್ತರ ಮಕ್ಕಳ ವಾರ್ಡಿನಿಂದ ಬಂತು. ಪ್ಲೂರೊಪಲ್ಮನರಿ ಬ್ಲಾಸ್ಟೋಮಾ ಎಂಬುದು ಎಳೆಯ ಮಕ್ಕಳ ಶ್ವಾಸಕೋಶಕ್ಕೆ ಬರುವ, ಬಹಳ ಅಪರೂಪದ ಗಡ್ಡೆ. ಕುಟುಂಬಗಳಲ್ಲಿ ಹರಿದುಬರುತ್ತದೆ. ಆ ಕುಟುಂಬಗಳಲ್ಲಿ ಕೆಟ್ಟಿರುವುದು ಡೈಸರ್ ಕಿಣ್ವದ ಜೀನು ಎಂದು 2009ರಲ್ಲಿ ಪತ್ತೆಯಾಯಿತು, ಅಂದರೆ ಮೈಕ್ರೋಆರ್‌ಎನ್‌ಎಗಳನ್ನು ಕತ್ತರಿಸುವ ಕತ್ತರಿಯೇ. ಇಲ್ಲಿ ಕಾರಣ ಹುಟ್ಟಿನಿಂದಲೇ ಇದೆ, ಗಡ್ಡೆ ಆಮೇಲೆ. ಇನ್ನೂ ಸೂಕ್ಷ್ಮವಾದ ಸಂಗತಿ ಮುಂದೆ ತಿಳಿಯಿತು. ಜೀನಿನ ಒಂದು ಪ್ರತಿ ಕೆಟ್ಟು ಹುಟ್ಟಿದ ಮಗುವಿನ ಗಡ್ಡೆಯಲ್ಲಿ ಎರಡನೆಯ ಪ್ರತಿ ಪೂರ್ತಿ ಹಾಳಾಗಿರುವುದಿಲ್ಲ. ಕತ್ತರಿಯ ಒಂದು ಅಲಗು ಮಾತ್ರ ಮೊಂಡಾಗಿರುತ್ತದೆ. ಕೂದಲಪಿನ್ನಿನ ಒಂದು ಬದಿಯಿಂದ ಬರಬೇಕಾದ ಮೈಕ್ರೋಆರ್‌ಎನ್‌ಎಗಳು ಬರುವುದಿಲ್ಲ, ಇನ್ನೊಂದು ಬದಿಯವು ಬರುತ್ತವೆ. ಲೆಟ್-7 ಕುಟುಂಬ ಇರುವುದು ಬಾರದಿರುವ ಬದಿಯಲ್ಲಿ. ಇಂಥ ಸಾಕ್ಷ್ಯದ ಮುಂದೆ ‘ಎ ಏರಿತು, ಬಿ ಇಳಿಯಿತು’ ಎನ್ನುವ ನೂರು ಗ್ರಾಫುಗಳು ನನಗೆ ತೆಳುವಾಗಿ ಕಾಣುತ್ತವೆ.

ಇನ್ನು ಉದ್ದನೆಯವು. 200 ಅಕ್ಷರಕ್ಕಿಂತ ಉದ್ದವಿದ್ದು ಪ್ರೋಟೀನು ಕಟ್ಟದವನ್ನೆಲ್ಲ ಒಂದೇ ಚೀಲಕ್ಕೆ ಹಾಕಿ ಲಾಂಗ್ ನಾನ್‌ಕೋಡಿಂಗ್ ಆರ್‌ಎನ್‌ಎ ಎನ್ನುತ್ತಾರೆ. ಮನುಷ್ಯರಲ್ಲಿ ಇವುಗಳ ಜೀನುಗಳ ಸಂಖ್ಯೆ ಪ್ರೋಟೀನು ಕಟ್ಟುವ ಸುಮಾರು 20 ಸಾವಿರ ಜೀನುಗಳಿಗೆ ಸರಿಸಮ ಅಥವಾ ಅದಕ್ಕೂ ಹೆಚ್ಚು. ಕೆಲಸ ಖಚಿತವಾಗಿ ಗೊತ್ತಿರುವುದು ಬೆರಳೆಣಿಕೆಯಷ್ಟಕ್ಕೆ. ಚೀಲ ದೊಡ್ಡದು, ಒಳಗಿನವುಗಳಿಗೆ ಪರಸ್ಪರ ನೆಂಟಸ್ತಿಕೆ ಇಲ್ಲ. ಅವುಗಳಲ್ಲಿ ಮಾಲಾಟ್1 ಎಂಬುದರ ಕಥೆಯನ್ನು ತುಸು ವಿಸ್ತಾರವಾಗಿ ಹೇಳುತ್ತೇನೆ, ಈ ಕ್ಷೇತ್ರದ ಬೆಳಕು ಕತ್ತಲೆ ಎರಡೂ ಅದರಲ್ಲಿವೆ.

2003ರಲ್ಲಿ ಜರ್ಮನಿಯ ತಂಡವೊಂದು ಶ್ವಾಸಕೋಶದ ಕ್ಯಾನ್ಸರು ಆರಂಭದ ಹಂತದಲ್ಲಿದ್ದ ರೋಗಿಗಳ ಗಡ್ಡೆಗಳನ್ನು ಹೋಲಿಸಿತು. ಮುಂದೆ ಬೇರೆಡೆಗೆ ಹರಡಿದ ಗಡ್ಡೆಗಳಲ್ಲಿ ಎಂಟು ಸಾವಿರ ಅಕ್ಷರ ಮೀರಿದ ಒಂದು ಆರ್‌ಎನ್‌ಎ ಹೆಚ್ಚಾಗಿತ್ತು. ಹರಡುವಿಕೆಗೆ ಸಂಬಂಧಿಸಿದ್ದು ಎಂದು ಹೆಸರಲ್ಲೇ ಹಚ್ಚೆ ಹಾಕಿ ಅದನ್ನು ಮಾಲಾಟ್1 ಎಂದು ಕರೆದರು. ಕೋಶಕೇಂದ್ರದಲ್ಲಿ ಹೇರಳವಾಗಿರುವ, ಸಸ್ತನಿಗಳಲ್ಲಿ ಚೆನ್ನಾಗಿ ಉಳಿದುಬಂದಿರುವ ಆರ್‌ಎನ್‌ಎ ಇದು. ಇಷ್ಟು ಹೇರಳವಾಗಿದ್ದರೆ ಬದುಕಿಗೆ ಬೇಕೇ ಬೇಕಿರಬೇಕು ಎಂದು ಎಲ್ಲರ ನಿರೀಕ್ಷೆ. 2012ರಲ್ಲಿ ಮೂರು ತಂಡಗಳು ಪ್ರತ್ಯೇಕವಾಗಿ ಇಲಿಯಿಂದ ಮಾಲಾಟ್1 ಅನ್ನು ತೆಗೆದುಹಾಕಿದವು. ಇಲಿಗಳು ಹುಟ್ಟಿದವು, ಬೆಳೆದವು, ಮರಿ ಹಾಕಿದವು, ಏನೂ ಆಗಲಿಲ್ಲ. ಹಾಗಾದರೆ ಸಹಜ ಬದುಕಿಗೆ ಬೇಡವಾದ, ಕ್ಯಾನ್ಸರಿಗೆ ಬೇಕಾದ ಅಣು. ಔಷಧಕ್ಕೆ ಇದಕ್ಕಿಂತ ಒಳ್ಳೆಯ ಗುರಿ ಉಂಟೇ ಎಂದು ಹಲವರು ಹಿಗ್ಗಿದರು.

ಇಲ್ಲಿ ನಮ್ಮ ನಾಡಿನ ಎಳೆಯೊಂದು ಬಂದು ಸೇರುತ್ತದೆ. ಮೈಸೂರಿನಲ್ಲಿ ಹುಟ್ಟಿದ, ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದ ಎಂ.ಆರ್.ಎಸ್. ರಾವ್ ಅವರನ್ನು ನಾವು 2023ರಲ್ಲಿ ಕಳೆದುಕೊಂಡೆವು. ಜಕ್ಕೂರಿನ ಅವರ ಪ್ರಯೋಗಾಲಯದಲ್ಲಿ ಇಲಿಯ ವೃಷಣದಲ್ಲಿ ಸಿಗುವ ಮಿರಲ್ ಎಂಬ 2,400 ಅಕ್ಷರಗಳ ಪ್ರೋಟೀನು ಕಟ್ಟದ ಆರ್‌ಎನ್‌ಎಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅದು ಪಿ68 ಎಂಬ ಪ್ರೋಟೀನಿನ ಜೊತೆಗೂಡಿ ‘ವಿಂಟ್’ ಸಂಕೇತಮಾರ್ಗವನ್ನು ಅದುಮಿಡುತ್ತದೆ ಎಂದು 2012ರಲ್ಲಿ ತೋರಿಸಿದ ಪ್ರಬಂಧದ ಮೊದಲ ಲೇಖಕಿ ಗಾಯತ್ರಿ ಅರುಣ್. ಮುಂದೆ ಅವರು ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಡೇವಿಡ್ ಸ್ಪೆಕ್ಟರ್ ಅವರ ಪ್ರಯೋಗಾಲಯ ಸೇರಿದರು. ಸ್ತನ ಕ್ಯಾನ್ಸರು ತಾನಾಗಿ ಬರುವಂತೆ ಮಾಡಿದ ಇಲಿಗಳಲ್ಲಿ ಮಾಲಾಟ್1 ಇಲ್ಲದಂತೆ ಮಾಡಿದರೆ ಗಡ್ಡೆಯ ಕೋಶಗಳು ಹೆಚ್ಚು ಪಕ್ವವಾಗುತ್ತವೆ, ಶ್ವಾಸಕೋಶಕ್ಕೆ ಹರಡುವುದು ತಗ್ಗುತ್ತದೆ ಎಂದು 2016ರಲ್ಲಿ ಅವರ ಪ್ರಬಂಧ ತೋರಿಸಿತು. ಜೀನನ್ನು ಮುಟ್ಟದೆ, ಆರ್‌ಎನ್‌ಎಯನ್ನು ಮಾತ್ರ ಕರಗಿಸುವ ಆಂಟಿಸೆನ್ಸ್ ಅಣು ಕೊಟ್ಟಾಗಲೂ ಹೆಚ್ಚುಕಡಿಮೆ ಅದೇ ಫಲ.

ಎರಡು ವರ್ಷ ಕಳೆಯುವಷ್ಟರಲ್ಲಿ ಹ್ಯೂಸ್ಟನ್ನಿನ ಲಿ ಮಾ ಅವರ ತಂಡ ಅದೇ ಬಗೆಯ ಸ್ತನ ಕ್ಯಾನ್ಸರಿನ ಇಲಿಗಳಲ್ಲಿ ತದ್ವಿರುದ್ಧ ಕಂಡಿತು. ಮಾಲಾಟ್1 ಇಲ್ಲವಾದರೆ ಹರಡುವುದು ಹೆಚ್ಚುತ್ತದೆ, ಮಾಲಾಟ್1 ಮರಳಿಸಿದರೆ ತಗ್ಗುತ್ತದೆ! ಇದು 2018ರ ಮಾತು. ಒಂದೇ ಅಣು, ಒಂದೇ ಅಂಗ, ಎರಡು ಗೌರವಾನ್ವಿತ ಪ್ರಯೋಗಾಲಯ, ಎರಡು ತೀರ್ಪು. ವ್ಯತ್ಯಾಸ ಜೀನನ್ನು ಕೆಡಿಸಿದ ರೀತಿಯಲ್ಲಿರಬಹುದು. ಒಂದು ತಂಡದ ಇಲಿಗಳಲ್ಲಿ ಡಿಎನ್‌ಎಯ ತುಂಡನ್ನೇ ಕತ್ತರಿಸಿ ತೆಗೆದಿತ್ತು, ಇನ್ನೊಂದರಲ್ಲಿ ನಡುವೆ ತಡೆ ತೂರಿಸಿತ್ತು. ತುಂಡು ತೆಗೆದಾಗ ಆರ್‌ಎನ್‌ಎ ಮಾತ್ರವಲ್ಲ, ನೆರೆಯ ಜೀನುಗಳನ್ನು ಹತೋಟಿಯಲ್ಲಿಡುವ ಡಿಎನ್‌ಎಯ ಸ್ವಿಚ್ಚುಗಳೂ ಹೋಗಬಹುದು ಎಂಬುದು ಹ್ಯೂಸ್ಟನ್ನಿನವರ ವಾದ. ಆದರೆ ಆಂಟಿಸೆನ್ಸ್ ಪ್ರಯೋಗದಲ್ಲಿ ಡಿಎನ್‌ಎ ಮುಟ್ಟಿರಲಿಲ್ಲವಲ್ಲ ಎಂಬ ಪ್ರತಿವಾದವೂ ಅಷ್ಟೇ ಗಟ್ಟಿ. ಪ್ರೋಟೀನು ಕಟ್ಟುವ ಜೀನಿನಲ್ಲಾದರೆ ಸಂಕೇತದ ಒಂದು ಅಕ್ಷರ ಕೆಡಿಸಿ ಪ್ರೋಟೀನನ್ನಷ್ಟೇ ನಿಲ್ಲಿಸಬಹುದು. ಉದ್ದನೆಯ ಆರ್‌ಎನ್‌ಎಗೆ ಅಂಥ ಸೌಕರ್ಯವಿಲ್ಲ. ಕೆಲಸ ಮಾಡುವುದು ಆರ್‌ಎನ್‌ಎಯೋ, ಅದನ್ನು ಬರೆಯುವ ಕ್ರಿಯೆಯೋ, ಬರೆಸುವ ಡಿಎನ್‌ಎಯೋ ಎಂದು ಬಿಡಿಸಿ ನೋಡಲು ಮೂರು ನಾಲ್ಕು ಬೇರೆ ಬೇರೆ ಪ್ರಯೋಗ ಬೇಕು. ಬಹುಪಾಲು ಪ್ರಬಂಧಗಳಲ್ಲಿ ಒಂದೇ ಇರುತ್ತದೆ.

ಉಂಗುರಾಕಾರದ ಆರ್‌ಎನ್‌ಎಗಳ ಮೇಲೂ ಕಳೆದ ದಶಕದಲ್ಲಿ ಭಾರೀ ಮೋಹ ಹುಟ್ಟಿತು. ಸಿಐಆರ್‌ಎಸ್-7 ಎಂಬ ಉಂಗುರದಲ್ಲಿ ಮಿರ್-7 ಅಂಟಿಕೊಳ್ಳಬಲ್ಲ ಜಾಗಗಳು 70ಕ್ಕೂ ಹೆಚ್ಚು. ಅದು ಮಿರ್-7 ಅನ್ನು ಹೀರಿಕೊಂಡು ಕ್ಯಾನ್ಸರಿಗೆ ದಾರಿ ಮಾಡುತ್ತದೆ ಎಂದು ಕರುಳಿನ ಗಡ್ಡೆಗಳ ಬಗ್ಗೆ ಹಲವರು ಬರೆದರು. ಡೆನ್ಮಾರ್ಕಿನ ತಂಡವೊಂದು 2020ರಲ್ಲಿ ಗಡ್ಡೆಯನ್ನು ಅರೆದು ಅಳೆಯುವುದನ್ನು ಬಿಟ್ಟು, ತೆಳು ಹೋಳಿನಲ್ಲಿ ಆ ಉಂಗುರ ನಿಜವಾಗಿ ಎಲ್ಲಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿತು. ಕ್ಯಾನ್ಸರ್ ಕೋಶಗಳಲ್ಲಿ ಅದು ಇರಲೇ ಇಲ್ಲ. ಸುತ್ತಲಿನ ಆಧಾರ ಅಂಗಾಂಶದಲ್ಲಿತ್ತು.

ರೋಗಿಗೆ ಇದರಿಂದ ಏನು ಸಿಕ್ಕಿತು ಎಂಬ ಪ್ರಶ್ನೆಗೆ ಬರುತ್ತೇನೆ. ಮೊದಲು ಪತ್ತೆಯ ಮಾತು. ಪಿಸಿಎ3 ಎಂಬ ಉದ್ದನೆಯ ಆರ್‌ಎನ್‌ಎ 1999ರಲ್ಲಿ ಪ್ರಾಸ್ಟೇಟ್ ಗಡ್ಡೆಗಳಲ್ಲಿ ಸಿಕ್ಕಿತು. ಅದನ್ನು ಮೂತ್ರದಲ್ಲಿ ಅಳೆಯುವ ಪರೀಕ್ಷೆಗೆ ಅಮೆರಿಕದ ಔಷಧ ಆಡಳಿತ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಒಮ್ಮೆ ಬಯಾಪ್ಸಿ ಮಾಡಿ ಏನೂ ಸಿಗದವರಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕೇ ಎಂದು ತೀರ್ಮಾನಿಸಲು ನೆರವಾಗುವುದಷ್ಟೇ ಅದರ ಕೆಲಸ. ಚಿಕ್ಕ ಕೆಲಸ, ಆದರೆ ನಿಜವಾದದ್ದು.

2008ರಲ್ಲಿ ಸಿಯಾಟಲ್‌ನ ತಂಡ ಕ್ಯಾನ್ಸರಿನ ಮೈಕ್ರೋಆರ್‌ಎನ್‌ಎಗಳು ರಕ್ತದ ದ್ರವದಲ್ಲೂ ಕೆಡದೆ ಉಳಿಯುತ್ತವೆ ಎಂದು ತೋರಿಸಿದ ಮೇಲೆ ‘ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ’ ಎಂಬ ತಲೆಬರಹಗಳು ಶುರುವಾದವು. ನಾಲ್ಕು ವರ್ಷದ ನಂತರ ಅದೇ ತಂಡದವರೇ ತಣ್ಣೀರೂ ಎರಚಿದರು. ಗಡ್ಡೆಗಳ ರಕ್ತಸೂಚಕವೆಂದು ವರದಿಯಾಗಿದ್ದ 79 ಮೈಕ್ರೋಆರ್‌ಎನ್‌ಎಗಳಲ್ಲಿ 46 ರಕ್ತಕಣಗಳಲ್ಲೇ ತುಂಬಿ ತುಳುಕುವಂಥವು. ರಕ್ತ ತೆಗೆಯುವಾಗ ಸಿರಿಂಜು ಜೋರಾಗಿ ಎಳೆದು ಒಂದಿಷ್ಟು ಕೆಂಪುಕಣ ಒಡೆದರೆ ಸಾಕು, ಮಿರ್-16, ಮಿರ್-451 ಏರಿಬಿಡುತ್ತವೆ. ರೋಗಿಗೆ ಕಿಮೋ ಕೊಟ್ಟು ರಕ್ತಕಣ ತಗ್ಗಿದರೆ ಅವೂ ತಗ್ಗುತ್ತವೆ, ನಾವು ಚಿಕಿತ್ಸೆ ಫಲಿಸಿತೆಂದು ಸಂತೋಷಪಡುತ್ತೇವೆ.

ಹಾಗಿದ್ದರೂ ಗೆದ್ದ ಒಂದು ಉದಾಹರಣೆ ಇದೆ, ಯಾಕೆ ಗೆದ್ದಿತು ಎಂಬುದು ಮುಖ್ಯ. ಯುವಕರಲ್ಲಿ ಕಾಣಿಸುವ ವೃಷಣದ ಜರ್ಮ್ ಸೆಲ್ ಗಡ್ಡೆಗಳಿಗೆ ಮಿರ್-371ಎ-3ಪಿ ಎಂಬ ಸೂಚಕ. 616 ರೋಗಿಗಳನ್ನು ಒಳಗೊಂಡ 2019ರ ಜರ್ಮನಿ ಮುಂದಾಳತ್ವದ ಅಧ್ಯಯನದಲ್ಲಿ ಅದು ಶೇ. 90ರಷ್ಟು ರೋಗವನ್ನು ಹಿಡಿಯಿತು, ರೋಗವಿಲ್ಲದವರಲ್ಲಿ ಶೇ. 94ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟಿತು. ಹಳೆಯ ಪ್ರೋಟೀನು ಸೂಚಕಗಳು ಇದರ ಹತ್ತಿರಕ್ಕೂ ಬರುವುದಿಲ್ಲ. ಈ ಮೈಕ್ರೋಆರ್‌ಎನ್‌ಎ ಭ್ರೂಣದ ಕೋಶಗಳದ್ದು. ಆರೋಗ್ಯವಂತ ವಯಸ್ಕನ ರಕ್ತದಲ್ಲಿ ಅದು ಹೆಚ್ಚುಕಡಿಮೆ ಇರುವುದೇ ಇಲ್ಲ, ಹಾಗಾಗಿ ಇದ್ದರೆ ಎದ್ದು ಕಾಣುತ್ತದೆ. ಪಕ್ವವಾದ ಟೆರಟೋಮಾ ಎಂಬ ಬಗೆಯಲ್ಲಿ ಆ ಭ್ರೂಣಲಕ್ಷಣ ಹೋಗಿರುವುದರಿಂದ ಪರೀಕ್ಷೆ ಅಲ್ಲಿ ಸೋಲುತ್ತದೆ. ಗೆಲುವಿಗೂ ಸೋಲಿಗೂ ಒಂದೇ ಕಾರಣ ಕೊಡಬಲ್ಲ ಪರೀಕ್ಷೆಯನ್ನು ನಾನು ನಂಬುತ್ತೇನೆ.

ಚಿಕಿತ್ಸೆಯ ಕಥೆ ಕಹಿ. ಪಿ53 ಎಂಬ ಕಾವಲು ಪ್ರೋಟೀನು ಎಬ್ಬಿಸುವ ಮಿರ್-34 ಹಲವು ಕ್ಯಾನ್ಸರುಗಳಲ್ಲಿ ಕಳೆದಿರುತ್ತದೆ. ಕಳೆದದ್ದನ್ನು ಮರಳಿಸಿದರಾಯಿತು ಎಂಬ ಸರಳ ವಿಚಾರದಿಂದ ಅಮೆರಿಕದ ಟೆಕ್ಸಸ್‌ನ ಕಂಪನಿಯೊಂದು ಅದರ ಕೃತಕ ಪ್ರತಿಯನ್ನು ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿ ಎಂಆರ್‌ಎಕ್ಸ್34 ಎಂದು ಹೆಸರಿಟ್ಟಿತು. 2013ರಲ್ಲಿ ಮನುಷ್ಯರ ಮೇಲೆ ಪರೀಕ್ಷೆ ಶುರುವಾಯಿತು. ಕ್ಯಾನ್ಸರಿಗೆ ಮೈಕ್ರೋಆರ್‌ಎನ್‌ಎಯನ್ನೇ ಔಷಧವಾಗಿ ಕೊಟ್ಟ ಮೊದಲ ಪ್ರಯತ್ನ ಅದು. ಬೇರಾವ ಚಿಕಿತ್ಸೆಯೂ ಉಳಿಯದಿದ್ದ 85 ರೋಗಿಗಳು ಸೇರಿದರು. ಮೂವರಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿತು. ದೇಹದ ರೋಗರಕ್ಷಣಾ ವ್ಯವಸ್ಥೆ ಕೆರಳಿ ನಾಲ್ವರು ತೀರಿಕೊಂಡರು. 2016ರ ಸೆಪ್ಟೆಂಬರಿನಲ್ಲಿ ಪರೀಕ್ಷೆ ನಿಂತಿತು. ಎಲ್ಲಿ ಎಡವಿದ್ದು ಎಂಬುದರ ಬಗ್ಗೆ ವಾದಗಳಿವೆ. ಎರಡೆಳೆ ಆರ್‌ಎನ್‌ಎ ಕಂಡರೆ ವೈರಸ್ ಬಂತೆಂದು ಬೆಚ್ಚುವುದು ನಮ್ಮ ದೇಹದ ಹಳೆಯ ಅಭ್ಯಾಸ. ಕೊಬ್ಬಿನ ಗುಳ್ಳೆಗಳು ಗಡ್ಡೆಗಿಂತ ಹೆಚ್ಚಾಗಿ ಬೇರೆಡೆ ಇಳಿಯುತ್ತವೆ. ನನಗೆ ಕಾಣುವ ಮೂರನೆಯ ಕಾರಣ ಇನ್ನೂ ಮೂಲಭೂತ. ಕೋಶದೊಳಗೆ ಹಗುರವಾಗಿ ತಿದ್ದುವ ಅಣುವನ್ನು ನಾವು ಇಡೀ ಮೈಗೆ ಡ್ರಿಪ್ಪಿನಲ್ಲಿ ಸುರಿದೆವು. ಮಿರ್-34 ಎಷ್ಟು ಇರಬೇಕು ಎಂಬುದು ಗಡ್ಡೆಯ ಕೋಶಕ್ಕೆ ಒಂದು, ಬಿಳಿರಕ್ತಕಣಕ್ಕೆ ಇನ್ನೊಂದು.

ಅದೇ ಅವಧಿಯಲ್ಲಿ ಚಿಕ್ಕ ಆರ್‌ಎನ್‌ಎಯ ಇತರ ಔಷಧಗಳು ಗೆದ್ದವಲ್ಲ ಎಂದು ನೀವು ಕೇಳಬಹುದು. ಗೆದ್ದವು. 2018ರಲ್ಲಿ ಪಟಿಸಿರಾನ್, ಆಮೇಲೆ ಕೊಲೆಸ್ಟರಾಲಿಗೆ ಇನ್‌ಕ್ಲಿಸಿರಾನ್. ಎರಡರ ಗುರಿಯೂ ಪಿತ್ತಜನಕಾಂಗ. ರಕ್ತದಲ್ಲಿ ಬಂದದ್ದನ್ನೆಲ್ಲ ತಾನಾಗಿ ಹೀರಿಕೊಳ್ಳುವ ಅಂಗ ಅದು. ಎರಡರ ಗುರಿಯೂ ಒಂದೇ ಒಂದು ಸಂದೇಶ. ಗಡ್ಡೆಯೊಂದರ ಪ್ರತಿ ಕೋಶಕ್ಕೂ ತಲುಪುವ ದಾರಿ ಇವತ್ತಿಗೂ ಕೈಗೆ ಸಿಕ್ಕಿಲ್ಲ.

ಸಂಶೋಧನಾ ವಿದ್ಯಾರ್ಥಿಗಳು ಇಲ್ಲಿ ಬಹಳ ಮಂದಿ ಇದ್ದೀರಿ, ಒಂದು ಅಹಿತದ ಮಾತನ್ನೂ ಹೇಳಿಬಿಡುತ್ತೇನೆ. ಹೊಸ ಆರ್‌ಎನ್‌ಎ ಒಂದು, ಕ್ಯಾನ್ಸರ್ ಒಂದು, ನಡುವೆ ಮೈಕ್ರೋಆರ್‌ಎನ್‌ಎ ಒಂದು ಹಾಕಿ ಅಚ್ಚಿನಲ್ಲಿ ಒತ್ತಿದಂತೆ ಪ್ರಬಂಧ ತಯಾರಿಸಿ ಮಾರುವ ಕಾರ್ಖಾನೆಗಳಿವೆ. ಈ ಕ್ಷೇತ್ರ ಅವರಿಗೆ ಬಹಳ ಅನುಕೂಲ. ಜೀನುಗಳು ಸಾವಿರಾರು, ಪರಿಶೀಲಿಸುವವರು ಕಡಿಮೆ. ಸಿಡ್ನಿಯ ಕ್ಯಾನ್ಸರ್ ವಿಜ್ಞಾನಿ ಜೆನಿಫರ್ ಬರ್ನ್ ತಾವು ಹಿಂದೆ ಅಭ್ಯಾಸ ಮಾಡಿದ್ದ ಜೀನಿನ ಬಗ್ಗೆ ವಿಚಿತ್ರ ಪ್ರಬಂಧಗಳು ಬರುತ್ತಿರುವುದನ್ನು ಗಮನಿಸಿ ಅವುಗಳಲ್ಲಿ ಅಚ್ಚಾದ ಆರ್‌ಎನ್‌ಎ, ಡಿಎನ್‌ಎ ಅಕ್ಷರಸಾಲುಗಳನ್ನೇ ಪರೀಕ್ಷಿಸತೊಡಗಿದರು. ಇಂತಿಂಥ ಜೀನನ್ನು ತಡೆಯುವ ಸಾಲು ಎಂದು ಬರೆದಿರುತ್ತದೆ, ಹೋಲಿಸಿ ನೋಡಿದರೆ ಅದು ಆ ಜೀನಿಗೆ ಹೊಂದುವುದೇ ಇಲ್ಲ. ಅವರ ತಂಡ 2022ರ ಹೊತ್ತಿಗೆ ಇಂಥ 700ಕ್ಕೂ ಹೆಚ್ಚು ಪ್ರಬಂಧಗಳನ್ನು ಪಟ್ಟಿ ಮಾಡಿತು. ನೀವು ಪ್ರೈಮರ್ ಸಾಲನ್ನು ಯಾವುದೋ ಪ್ರಬಂಧದಿಂದ ಎತ್ತಿಕೊಂಡು ಆರ್ಡರ್ ಮಾಡುವ ಮೊದಲು, ಅಕ್ಷರಸಾಲುಗಳನ್ನು ಹೋಲಿಸುವ ಬ್ಲಾಸ್ಟ್ ಎಂಬ ತಂತ್ರಾಂಶದಲ್ಲಿ ಹಾಕಿ ನೋಡಿ. ಎರಡು ನಿಮಿಷದ ಕೆಲಸ.

ನಾನು ಉದ್ದಕ್ಕೂ ಅಳತೆಯ ಮಾತನ್ನೇ ಆಡಿದೆ. ಪ್ರೋಟೀನು ಕಟ್ಟದ ಆರ್‌ಎನ್‌ಎಯಲ್ಲಿ ಅಕ್ಷರವೇ ತಪ್ಪಿ ಕ್ಯಾನ್ಸರ್ ಬರುವುದೂ ಉಂಟು, ಅದು ತಡವಾಗಿ ತಿಳಿಯಿತು. ಯು1 ಎಂಬ 164 ಅಕ್ಷರಗಳ ಆರ್‌ಎನ್‌ಎ ಪ್ರತಿ ಕೋಶದಲ್ಲೂ ಸಂದೇಶಗಳನ್ನು ಎಲ್ಲಿ ಕತ್ತರಿಸಿ ಹೊಲಿಯಬೇಕು ಎಂದು ಗುರುತಿಸುತ್ತದೆ. ಅದರ ಮೂರನೆಯ ಅಕ್ಷರ ಬದಲಾಗಿರುವುದು ಮಿದುಳಿನ ಮೆಡುಲ್ಲೊಬ್ಲಾಸ್ಟೋಮಾದ ಒಂದು ಬಗೆಯಲ್ಲಿ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಕಂಡಿತು. ಸಿಎಲ್‌ಎಲ್ ಮತ್ತು ಪಿತ್ತಜನಕಾಂಗದ ಕೆಲವು ಕ್ಯಾನ್ಸರುಗಳಲ್ಲೂ ಅದೇ ಮೂರನೆಯ ಅಕ್ಷರ. 2019ರಲ್ಲಿ ಎರಡು ಪ್ರಬಂಧಗಳು ಒಟ್ಟಿಗೆ ಬಂದವು. ಅದುವರೆಗೆ ಸಾವಿರಾರು ಗಡ್ಡೆಗಳ ಜೀನುಗಳನ್ನು ಓದಿದ್ದರೂ ಇದು ಕಾಣಲಿಲ್ಲ. ಹೆಚ್ಚಿನವರು ಓದುತ್ತಿದ್ದದ್ದು ಪ್ರೋಟೀನಿನ ಸಂಕೇತವಿರುವ ಭಾಗವನ್ನು ಮಾತ್ರ. ಮೇಲಾಗಿ ಯು1ಗೆ ಜೀನೋಮಿನಲ್ಲಿ ಹಲವು ಪ್ರತಿಗಳೂ ಹುಸಿಪ್ರತಿಗಳೂ ಇರುವುದರಿಂದ ಯಂತ್ರ ಕೊಟ್ಟ ಅಕ್ಷರ ಯಾವ ಪ್ರತಿಯದು ಎಂದು ತಿಳಿಯದೆ ಅದನ್ನು ಬದಿಗಿಡುತ್ತಿದ್ದರು.

ಔಷಧವಾಗಿ ಗುರಿ ಮುಟ್ಟಿದ್ದೊಂದನ್ನು ಹೇಳಿ ನಿಲ್ಲಿಸುತ್ತೇನೆ, ಅದನ್ನು ಪ್ರೋಟೀನು ಕಟ್ಟದ ಆರ್‌ಎನ್‌ಎಗಳ ಪಟ್ಟಿಯಲ್ಲಿ ಸೇರಿಸುವವರು ಕಡಿಮೆ. ಕ್ರೋಮೋಸೋಮಿನ ತುದಿಗಳನ್ನು ಬೆಳೆಸುವ ಟೆಲೊಮರೇಸ್ ಕಿಣ್ವ ಬಹುಪಾಲು ಕ್ಯಾನ್ಸರುಗಳಲ್ಲಿ ಎದ್ದು ಕೂತಿರುತ್ತದೆ. ಆ ಕಿಣ್ವದ ಒಳಗೆ ಅಚ್ಚಿನಂತೆ ಕೂತಿರುವುದು ಪ್ರೋಟೀನು ಕಟ್ಟದ 451 ಅಕ್ಷರಗಳ ಒಂದು ಆರ್‌ಎನ್‌ಎ. ಆ ಅಚ್ಚಿಗೇ ಅಂಟಿ ಕೂರುವ 13 ಅಕ್ಷರಗಳ ಕೃತಕ ಸರ, ಇಮೆಟೆಲ್‌ಸ್ಟಾಟ್. ಗಟ್ಟಿ ಗಡ್ಡೆಗಳ ಮೇಲೆ ಅದರ ಮೊದಲ ಪ್ರಯತ್ನಗಳು ಸೋತವು. ಮಜ್ಜೆಯಲ್ಲಿ ರಕ್ತ ಸರಿಯಾಗಿ ಹುಟ್ಟದ ಮೈಲೊಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್ ಎಂಬ ರೋಗದಲ್ಲಿ ಕೈ ಹಿಡಿಯಿತು. ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕಾದ 178 ರೋಗಿಗಳ ಪರೀಕ್ಷೆಯಲ್ಲಿ, ಎಂಟು ವಾರ ರಕ್ತವೇ ಬೇಡವಾದವರು ಔಷಧ ಪಡೆದವರಲ್ಲಿ ಸುಮಾರು ಶೇ. 40, ಹುಸಿ ಔಷಧ ಪಡೆದವರಲ್ಲಿ ಶೇ. 15. ಬಿಳಿರಕ್ತಕಣವೂ ಪ್ಲೇಟ್‌ಲೆಟ್ಟೂ ಕುಸಿಯುವುದು ಅದರ ಸಾಮಾನ್ಯ ಅಡ್ಡಪರಿಣಾಮ, ಆಗಾಗ ರಕ್ತ ಪರೀಕ್ಷಿಸಿ ಪ್ರಮಾಣ ತಿದ್ದಬೇಕಾಗುತ್ತದೆ. 2024ರ ಜೂನ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಟೆಟ್ರಹೈಮೀನ ಎಂಬ ಕೆರೆನೀರಿನ ಏಕಕೋಶಿಯಲ್ಲಿ ಈ ಬಗೆಯ ಆರ್‌ಎನ್‌ಎಯನ್ನು ಕ್ಯಾರಲ್ ಗ್ರೈಡರ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಗುರುತಿಸಿದ್ದು 1989ರಲ್ಲಿ.